ರೀಫ್ ಟ್ಯಾಂಕಲ್ಲಿ ನೈಟ್ರೇಟು, ಫಾಸ್ಫೇಟು ಏರಿದ್ಯಾ? ಏನಾದ್ರೂ ಸುರಿಯೋಕ್ ಮುಂಚೆ ಲೆಕ್ಕ ಹಾಕಿ

ರೀಫ್ ಟ್ಯಾಂಕ್ ಅಂದ್ರೆ ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ, ನೈಟ್ರೇಟು ಫಾಸ್ಫೇಟು ಅಂದ್ರೆ ಮೀನಿನ ಊಟ, ಕೊಳೆಯಿಂದ ಅದರ ನೀರಿಗೆ ಸೇರ್ಕೊಂಡು ಪಾಚಿಗೆ ಗೊಬ್ಬರ ಆಗೋವು. ಗಾಜಿನ ಮೇಲೆ ಎರಡು ದಿನಕ್ಕೊಂದ್ಸಲ ಪಾಚಿ ಕೂರ್ತಿದೆ, ಕಲ್ಲಿನ ಮೇಲೆ ಹಸಿರು ಕೂದಲು ಬೆಳೆದು ಟೂತ್‌ಬ್ರಷ್ ಹಾಕಿ ತಿಕ್ಕಿದ್ರೂ ವಾರದಲ್ಲಿ ವಾಪಸ್ ಹಾಜರು, ದುಡ್ಡು ಕೊಟ್ಟು ತಂದ ಹವಳ ಬಣ್ಣ ಕಳ್ಕೊಂಡು ಕಂದು ತಿರುಗಿದೆ. ಈ ಹೊತ್ತಲ್ಲಿ ಎಲ್ರೂ ಮಾಡೋದು ಒಂದೇ, ಅಂಗಡಿಗೆ ಹೋಗಿ "ಇದಕ್ಕೇನ್ ಹಾಕ್ಲಿ" ಅಂತ ಕೇಳೋದು. ನಾನೂ ಹಾಗೇ ಒಂದು ಡಬ್ಬ ಜಿಎಫ್ಒ ತಂದೆ, ಅದೇ ಕಬ್ಬಿಣದ ತುಕ್ಕಿನ ಬಣ್ಣದ ಹರಳು, ಫಾಸ್ಫೇಟ್ ಹೀರೋದು. 180 ಲೀಟರ್ ಟ್ಯಾಂಕಿಗೆ ಎಷ್ಟು ಅಂತ ಓದದೇ ರಿಯಾಕ್ಟರ್ (ಹರಳಿನ ಮೂಲಕ ನೀರು ಹರಿಸೋ ಕೊಳವೆ) ತುಂಬಾ ತುಂಬಿಸಿ ಆನ್ ಮಾಡ್ಬಿಟ್ಟೆ. ನಾಲ್ಕು ದಿನದಲ್ಲಿ ಫಾಸ್ಫೇಟ್ 0.30ಯಿಂದ 0.02 ಪಿಪಿಎಂಗೆ (ಹತ್ತು ಲಕ್ಷದಲ್ಲಿ ಎಷ್ಟು ಭಾಗ ಅನ್ನೋ ಲೆಕ್ಕ) ಬಿತ್ತು, ನಾನು ಬೀಗಿದ್ದೇ ಬೀಗಿದ್ದು, ಮುಂದಿನ ವಾರ ಎರಡು ಆಕ್ರೊಪೋರಾ ಹವಳ ಬುಡದಿಂದ ಸಿಪ್ಪೆ ಸುಲಿದ ಹಾಗೆ ಬಿಳಿಚಿಕೊಂಡು ಹೋದ್ವು. ಪಾಚಿ ಮಾತ್ರ ಆರಾಮಾಗಿತ್ತು.

ಅವತ್ತಿಂದ ಯಾರಾದ್ರೂ "ಯಾವ ವಿಧಾನ ಬೆಸ್ಟು" ಅಂತ ಕೇಳಿದ್ರೆ ನಾನು ತಿರುಗಿ ಕೇಳೋದು, ನಿಮ್ಮ ನೈಟ್ರೇಟ್, ಫಾಸ್ಫೇಟ್ ನಂಬರ್‌ಗಳಲ್ಲಿ ಯಾವುದು ಏರಿದೆ, ಎಲ್ಲಿಂದ ಬರ್ತಿದೆ?

ಮೊದ್ಲು ಅಳೀರಿ

ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.10 ಪಿಪಿಎಂ ಒಳಗಿದ್ರೆ ಹೆಚ್ಚಿನ ಟ್ಯಾಂಕ್‌ಗಳು ಚೆನ್ನಾಗೇ ಇರ್ತವೆ. ಸೊನ್ನೆ ಮಾಡ್ಬೇಕು ಅನ್ನೋ ಹಟ ಬೇಡ. ಸಮುದ್ರದಲ್ಲಿ ಇದಕ್ಕಿಂತ ಎಷ್ಟೋ ಕಮ್ಮಿ ಇರತ್ತೆ ನಿಜ, ಆದ್ರೆ ಅಲ್ಲಿ ಹವಳದ ಬಾಯಿಗೆ ದಿನವಿಡೀ ಪ್ಲಾಂಕ್ಟನ್ ಹರಿದು ಬರತ್ತೆ, ನಮ್ಮ ಡಬ್ಬದಲ್ಲಿ ಎಲ್ಲಿಂದ ಬರ್ಬೇಕು? ಸೊನ್ನೆ ಮಾಡಿದ ಟ್ಯಾಂಕಲ್ಲಿ ಡೈನೊಫ್ಲಾಜೆಲೇಟ್ ಅಂತ ಕಂದು ಬಣ್ಣದ ಗೊಣ್ಣೆ ತರದ್ದು ಗುಳ್ಳೆ ಕಟ್ಕೊಂಡು ಎಲ್ಲಾ ಕಡೆ ಹಬ್ಬತ್ತೆ, ಅದರ ಮುಂದೆ ಹಸಿರು ಪಾಚಿ ಎಷ್ಟೋ ವಾಸಿ.

ಫಾಸ್ಫೇಟಿಗೆ ಬಣ್ಣ ನೋಡೋ ಕಿಟ್ ನಂಬ್ಬೇಡಿ, 0.03ಕ್ಕೂ 0.10ಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಹನ್ನಾ ಚೆಕರ್ ಅನ್ನೋ ಡಿಜಿಟಲ್ ಮೀಟರ್ ಇದ್ರೆ ಒಳ್ಳೇದು, ಆದ್ರೆ ಅದರ ಅಲ್ಟ್ರಾ ಲೋ ರೇಂಜ್ ಫಾಸ್ಫರಸ್ ಮಾಡೆಲ್ ತೋರ್ಸೋದು ಫಾಸ್ಫೇಟ್ ಅಲ್ಲ, ಪಿಪಿಬಿ (ಪಿಪಿಎಂನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ಬರೀ ಫಾಸ್ಫರಸ್ಸು. ಬಂದ ನಂಬರನ್ನ 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸ್ಬೇಕು. 28 ಅಂತ ಬಂದ್ರೆ 0.086 ಪಿಪಿಎಂ ಫಾಸ್ಫೇಟ್. ಆ ಪುಟ್ಟ ಗಾಜಿನ ಸೀಸೆ ಮೇಲೆ ಬೆರಳಚ್ಚು ಇದ್ರೂ ನಂಬರ್ ಏರತ್ತೆ, ಹಾಗಾಗಿ ಒಳಗಿಡೋಕ್ ಮುಂಚೆ ಹಳೇ ಕಾಟನ್ ಪಂಚೆ ತುಂಡಲ್ಲಿ ಒರೆಸಿ. ನೈಟ್ರೇಟ್ ಕಿಟ್ಟಿನ ಬಣ್ಣ ಕಿಟಕಿ ಬೆಳಕಲ್ಲಿ ನೋಡಿ, ಟ್ಯಾಂಕಿನ ನೀಲಿ ಎಲ್‌ಇಡಿ ಕೆಳಗೆ ಎಲ್ಲಾ ನೇರಳೆ ಹಣ್ಣಿನ ಬಣ್ಣವೇ. ಮೂರು ದಿನ ಬಿಟ್ಟು ಅದೇ ಹೊತ್ತಿಗೆ ಇನ್ನೊಂದ್ಸಲ ಅಳೆದು ಆಮೇಲೆ ತೀರ್ಮಾನಕ್ಕೆ ಬನ್ನಿ.

ಬರೋ ದಾರಿ ಮುಚ್ಚಿ

ಬೆಂಗಳೂರಲ್ಲಿ ಇದನ್ನ ಒತ್ತಿ ಹೇಳ್ಬೇಕು, ಬೋರ್‌ವೆಲ್ ನೀರಲ್ಲೇ ನೈಟ್ರೇಟ್ ಇರೋ ಏರಿಯಾಗಳು ಬೇಕಾದಷ್ಟಿವೆ. "ನಮ್ದು ಆರ್‌ಒ ನೀರು" ಅಂತೀರಾ, ಆದ್ರೆ ಅಡುಗೆಮನೆ ಆರ್‌ಒದಲ್ಲಿ ರುಚಿಗೆ ಅಂತ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಪ್ರಮಾಣ) ಅಡ್ಜಸ್ಟರ್ ಇರತ್ತಲ್ಲ, ಅದು ಸ್ವಲ್ಪ ಹಸಿ ನೀರನ್ನ ವಾಪಸ್ ಮಿಕ್ಸ್ ಮಾಡತ್ತೆ, ಮೀಟರ್ ಹಿಡಿದ್ರೆ 60, 80 ಅಂತ ತೋರ್ಸತ್ತೆ. ಅದು ಕುಡಿಯೋಕೆ ಸರಿ, ಹವಳಕ್ಕಲ್ಲ. ಆರ್‌ಒ ಆದ್ಮೇಲೆ ಡಿಐ ರೆಸಿನ್ (ಉಳಿದ ಲವಣ ಹೀರೋ ಹರಳು) ಹಾಕಿ ಟಿಡಿಎಸ್ ಸೊನ್ನೆ ಬರೋ ಹಾಗೆ ನೋಡ್ಕೊಳಿ. ಉಪ್ಪು ಕಲಸಿದ ಹೊಸ ನೀರನ್ನೂ ಒಂದ್ಸಲ ಟೆಸ್ಟ್ ಮಾಡಿ.

ಇನ್ನು ಊಟ. ಫ್ರೋಜನ್ ಮೈಸಿಸ್ (ಮೀನಿಗೆ ಹಾಕೋ ಪುಟ್ಟ ಸೀಗಡಿ) ಕರಗಿದಾಗ ಬರೋ ಆ ರಸ ಟ್ಯಾಂಕಿಗೆ ಹೋಗೋದು ಬೇಡ, ಟೀ ಸೋಸೋ ಜಾಲರೀಲಿ ಹಾಕಿ ಆರ್‌ಒ ನೀರಲ್ಲಿ ತೊಳೆದು ಕೊಡಿ (ಅಡುಗೆಮನೆ ಜಾಲರಿ ತಗೋಬೇಡಿ, ನಮ್ಮನೇಲಿ ಅದಕ್ಕೆ ದೊಡ್ಡ ರಾದ್ಧಾಂತ ಆಗಿದೆ). ಫಿಲ್ಟರ್ ಸಾಕ್ಸ್ (ಕಸ ಹಿಡಿಯೋ ಬಟ್ಟೆ ಚೀಲ) ಎರಡ್ಮೂರು ದಿನಕ್ಕೊಂದ್ಸಲ ಬದಲಾಯಿಸ್ದೆ ಹೋದ್ರೆ ಒಳಗಿನ ಕಸ ಅಲ್ಲೇ ಕೊಳೆತು ನೈಟ್ರೇಟ್ ಆಗತ್ತೆ. ಸ್ಕಿಮ್ಮರ್ (ಗಾಳಿಗುಳ್ಳೆ ಹಾಕಿ ನೊರೆ ಎಬ್ಬಿಸೋ ಯಂತ್ರ) ಕೆಲಸ ಮಾಡೋದೂ ಈ ಹಂತದಲ್ಲೇ, ಅದು ನೈಟ್ರೇಟ್ ತೆಗೆಯಲ್ಲ, ನೈಟ್ರೇಟ್ ಆಗೋ ಕೊಳೇನ ಕೊಳೆಯೋಕ್ ಮುಂಚೆ ನೊರೆಯಲ್ಲಿ ಎತ್ತಿ ಹಾಕತ್ತೆ. ಕಪ್ಪಲ್ಲಿ ಕಾಫಿ ಡಿಕಾಕ್ಷನ್ ತರದ ಗಬ್ಬು ನೀರು ತುಂಬ್ತಿದ್ರೆ ಸರಿಯಾಗಿದೆ ಅಂತ, ಕತ್ತಿನ ಭಾಗಕ್ಕೆ ಜಿಡ್ಡು ಹಿಡಿದ್ರೆ ನೊರೆ ಮೇಲಕ್ಕೇ ಹತ್ತಲ್ಲ, ವಾರಕ್ಕೆರಡ್ಸಲ ಬೆರಳು ಹಾಕಿ ಒರೆಸಿ.

ನೀರು ಬದಲಾಯಿಸೋದು ಎಲ್ಲಿವರೆಗೆ ಸಾಕಾಗತ್ತೆ

ವಾರಕ್ಕೆ 20 ಪರ್ಸೆಂಟ್ ನೀರು ಬದಲಾಯಿಸ್ತೀರಾ ಅಂದ್ಕೊಳಿ, ನೈಟ್ರೇಟ್ 40 ಇದೆ, ಬದಲಾಯಿಸಿದ ಕೂಡ್ಲೇ 32. ಆದ್ರೆ ಮೀನು ತಿಂತಾನೇ ಇರತ್ತಲ್ಲ, ವಾರಕ್ಕೆ 5 ಪಿಪಿಎಂ ಹೊಸದಾಗಿ ಸೇರತ್ತೆ ಅಂದ್ರೆ ಮುಂದಿನ ವಾರ 37, ಅದರ ಮುಂದಿನ ವಾರ 34.6, ಹೀಗೇ ಇಳೀತಾ ಇಳೀತಾ 25ರ ಹತ್ರ ನಿಂತ್ಬಿಡತ್ತೆ. ನೀವು ತೆಗೆಯೋ ಐದನೇ ಒಂದು ಭಾಗವೂ ಹೊಸದಾಗಿ ಸೇರೋ 5ಕ್ಕೆ ಸಮ ಆದ್ಮೇಲೆ ಜನ್ಮದಲ್ಲಿ ಕೆಳಗೆ ಹೋಗಲ್ಲ. ಈ ಲೆಕ್ಕ ನೀವೇ ಹಾಕ್ಬಹುದು, ನೀರು ಬದಲಾಯಿಸ್ದೆ ಒಂದು ವಾರ ಬಿಟ್ಟು ಎಷ್ಟು ಏರ್ತು ನೋಡಿ ಅದನ್ನ 0.2ರಿಂದ (ಅಂದ್ರೆ ಬದಲಾಯಿಸೋ 20 ಪರ್ಸೆಂಟಿಂದ) ಭಾಗಿಸಿ. ಬಂದ ನಂಬರ್ ನಿಮಗೆ ಒಪ್ಪಿಗೆ ಆದ್ರೆ ಬೇರೆ ಯಾವುದೂ ಬೇಡ, ಬಕೆಟ್ ಸಾಕು. ಸಣ್ಣ ಟ್ಯಾಂಕಿನವರಿಗೆ ನಾನು ಹೇಳೋದೂ ಅದೇ.

ಬಕೆಟ್ ಸಾಲದಾದ್ರೆ

ಎರಡೂ ಸ್ವಲ್ಪ ಸ್ವಲ್ಪ ಏರಿದ್ರೆ, ಸಂಪ್‌ನಲ್ಲಿ ಜಾಗ ಇದ್ರೆ (ಮನೆ ಮುಂದಿನ ನೀರಿನ ಸಂಪಲ್ಲ, ಟ್ಯಾಂಕ್ ಕೆಳಗಿನ ಫಿಲ್ಟರ್ ತೊಟ್ಟಿ) ಕೀಟೊ ಪಾಚಿ ಬೆಳೆಸಿ. ಮೇಲೆ ಬೆಳೆಯೋ ಪಾಚಿ ಕೆಳಗೆ ಬೆಳೀಲಿ ಅನ್ನೋ ಲೆಕ್ಕ. ಅದು ನೈಟ್ರೇಟು ಫಾಸ್ಫೇಟು ಎರಡನ್ನೂ ತಿನ್ನತ್ತೆ, ಎಷ್ಟು ಕಿತ್ತು ಹೊರಗೆ ಹಾಕ್ತೀರೋ ಅಷ್ಟೇ ಲಾಭ. ಅದರ ಲೈಟನ್ನ ರಾತ್ರಿ ಹಾಕಿ, ಮೇಲಿನ ಲೈಟ್ ಆರಿದಾಗ ಬೀಳೋ ಪಿಎಚ್ ಅಷ್ಟು ಬೀಳಲ್ಲ.

ನೈಟ್ರೇಟ್ ಮಾತ್ರ ಏರಿ ಫಾಸ್ಫೇಟ್ ಸರಿಯಿದ್ರೆ ಕಾರ್ಬನ್ ಡೋಸಿಂಗ್, ಅಂದ್ರೆ ವೋಡ್ಕಾ ಇಲ್ಲಾ ವಿನೆಗರ್. ನಗ್ಬೇಡಿ, ಬ್ಯಾಕ್ಟೀರಿಯಾಗೆ ಅದು ಊಟ, ಅದನ್ನ ತಿಂದು ಬೆಳೆಯೋವಾಗ ನೀರಿನ ನೈಟ್ರೇಟನ್ನೂ ಸ್ವಲ್ಪ ಫಾಸ್ಫೇಟನ್ನೂ ಮೈಗೆ ಸೇರಿಸ್ಕೊಳತ್ತೆ, ಆ ಬ್ಯಾಕ್ಟೀರಿಯಾನ ಸ್ಕಿಮ್ಮರ್ ಎತ್ತಿ ಹಾಕತ್ತೆ. ಹಾಗಾಗಿ ಸ್ಕಿಮ್ಮರ್ ಇಲ್ಲದ ಟ್ಯಾಂಕಿಗೆ ಇದು ಬೇಡವೇ ಬೇಡ. ಫಾಸ್ಫೇಟ್ ಪೂರ್ತಿ ಸೊನ್ನೆ ಇದ್ರೂ ಕೆಲಸ ಆಗಲ್ಲ, ಬ್ಯಾಕ್ಟೀರಿಯಾ ಬೆಳೆಯೋಕೆ ಅದೂ ಬೇಕು. ಶುರು ಮಾಡೋದು 100 ಲೀಟರಿಗೆ ದಿನಕ್ಕೆ 0.1 ಎಂಎಲ್ ವೋಡ್ಕಾ, ಮೂರು ದಿನ ಆದ್ಮೇಲೆ ಅದರ ಎರಡರಷ್ಟು, ಎರಡನೇ ವಾರದಿಂದ ವಾರಕ್ಕೊಂದ್ಸಲ ದಿನದ ಒಟ್ಟು ಡೋಸನ್ನ 0.5 ಎಂಎಲ್ ಏರಿಸ್ತಾ ಹೋಗೋದು, ನೈಟ್ರೇಟ್ ಇಳಿಯೋಕೆ ಶುರುವಾದ್ರೆ ಅಲ್ಲೇ ನಿಲ್ಲೋದು. ಫ್ಲೇವರ್ ಇಲ್ಲದ ಸಾದಾ ವೋಡ್ಕಾ, ನಮ್ಮಲ್ಲಿ ಸಿಗೋದು 42.8 ಪರ್ಸೆಂಟ್ ಇರತ್ತೆ, ಲೆಕ್ಕ 40ರದ್ದು, ಅಷ್ಟು ವ್ಯತ್ಯಾಸ ನಡೆಯತ್ತೆ. ವಿನೆಗರ್ ಆದ್ರೆ 5 ಪರ್ಸೆಂಟಿಂದು ವೋಡ್ಕಾದ ಎಂಟರಷ್ಟು, ಲೇಬಲ್ ಮೇಲೆ 4 ಅಂತ ಇದ್ರೆ ಹತ್ತರಷ್ಟು. ನಂದು ವಿನೆಗರ್ರೇ, ಗೋಬಿ ಮಂಚೂರಿಗೆ ಅಂತ ತಂದ ಬಾಟ್ಲಿ ಖಾಲಿಯಾದಾಗೆಲ್ಲ ಅಮ್ಮ ನನ್ನ ಮುಖ ನೋಡ್ತಾರೆ.

ಒಂದು ಎಚ್ಚರಿಕೆ. ಬ್ಯಾಕ್ಟೀರಿಯಾ ಜಾಸ್ತಿಯಾದಾಗ ನೀರಿನ ಆಕ್ಸಿಜನ್ ತಿನ್ನತ್ತೆ. ಬೆಳಗ್ಗೆನೇ ಹಾಕಿ, ರಾತ್ರಿ ಬೇಡ. ಡೋಸ್ ಹಾಕಿದ ದಿನ ಮೂರು ಗಂಟೆ ಕರೆಂಟ್ ಹೋಗಿ ಸ್ಕಿಮ್ಮರ್ರೂ ಪಂಪೂ ನಿಂತ್ರೆ ಮೀನು ಮೇಲಕ್ಕೆ ಬಂದು ಬಾಯಿ ಬಿಡತ್ತೆ, ಬ್ಯಾಟರಿ ಏರ್ ಪಂಪ್ ಒಂದು ಮನೇಲಿರ್ಲಿ. ನೀರು ಹಾಲು ಚೆಲ್ಲಿದ ಹಾಗೆ ಮಬ್ಬಾದ್ರೆ ಡೋಸ್ ನಿಲ್ಲಿಸಿ, ತಿಳಿಯಾದ್ಮೇಲೆ ಅರ್ಧದಿಂದ ಶುರು ಮಾಡಿ.

ಫಾಸ್ಫೇಟ್ ಮಾತ್ರ ಏರಿದ್ರೆ ಜಿಎಫ್ಒ, ನೈಟ್ರೇಟನ್ನ ಅದು ಮುಟ್ಟಲ್ಲ. ಡಬ್ಬದ ಮೇಲೆ ಬರೆದಿರೋದ್ರ ಕಾಲು ಭಾಗ ಹಾಕಿ, ಕೆಂಪು ಧೂಳು ಹೋಗೋವರೆಗೂ ಆರ್‌ಒ ನೀರಲ್ಲಿ ತೊಳೆದು. ಎರಡು ದಿನಕ್ಕೊಂದ್ಸಲ ಅಳೀರಿ. ಇಲ್ಲೊಂದು ಮೋಸ ಇದೆ, ಕಲ್ಲು ಮರಳು ಎರಡೂ ತಿಂಗಳುಗಟ್ಲೆ ಫಾಸ್ಫೇಟ್ ಹೀರ್ಕೊಂಡು ಕೂತಿರ್ತವೆ, ನೀರಲ್ಲಿ ಕಮ್ಮಿಯಾದ ಹಾಗೆ ಅವು ಬಿಡೋಕೆ ಶುರು ಮಾಡ್ತವೆ. 0.30ಯಿಂದ 0.15ಕ್ಕೆ ಬಂದಿದ್ದು ಎರಡು ದಿನಕ್ಕೆ ಮತ್ತೆ 0.22 ಆದ್ರೆ ಜಿಎಫ್ಒ ಕೆಟ್ಟಿದೆ ಅಂತ ಇನ್ನಷ್ಟು ಸುರಿಯೋಕೆ ಹೋಗ್ಬೇಡಿ, ಕಲ್ಲು ಸಾಲ ತೀರಿಸ್ತಿದೆ ಅಷ್ಟೇ.

ಲ್ಯಾಂಥನಂ ಕ್ಲೋರೈಡ್ ಅಂತ ಇನ್ನೊಂದಿದೆ, ಅಗ್ಗ, ಜೋರು, ಆದ್ರೆ ಅದು ಫಾಸ್ಫೇಟ್ ಜೊತೆ ಸೇರಿ ಕಟ್ಟೋ ಪುಡಿ ಸೋಸದೇ ಟ್ಯಾಂಕಿಗೆ ಹೋದ್ರೆ ಟ್ಯಾಂಗ್ ಮೀನುಗಳಿಗೆ ಕಷ್ಟ, ಮೊದಲ ವರ್ಷದವ್ರು ಕೈ ಹಾಕ್ಬೇಡಿ. ಬಯೋಪೆಲೆಟ್ಟೂ (ಬ್ಯಾಕ್ಟೀರಿಯಾ ತಿನ್ನೋ ಪ್ಲಾಸ್ಟಿಕ್ ತರದ ಗುಳಿಗೆ) ವೋಡ್ಕಾ ದಾರೀನೇ, ಆದ್ರೆ ಡೋಸ್ ನಿಮ್ಮ ಕೈಯಲ್ಲಿರಲ್ಲ.

ಯಾವುದಾದ್ರೂ ಒಂದನ್ನೇ ಶುರು ಮಾಡಿ ಆರು ವಾರ ಬಿಡಿ, ಕೀಟೊ, ವಿನೆಗರ್, ಜಿಎಫ್ಒ ಮೂರೂ ಒಟ್ಟಿಗೆ ಹಾಕಿದ್ರೆ ಯಾವುದು ಏನ್ ಮಾಡ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ವಾರಕ್ಕೆ ಹತ್ತರಿಂದ ಇಪ್ಪತ್ತು ಪರ್ಸೆಂಟಿಗಿಂತ ಬೇಗ ಇಳೀತಿದ್ರೆ ಡೋಸ್ ಕಡಿಮೆ ಮಾಡಿ. ಬೇಕಾದ ನಂಬರ್ ಸಿಕ್ಕಿದ ಮೇಲೆ ಡೋಸನ್ನ ಅರ್ಧಕ್ಕೆ ತನ್ನಿ, ಅಲ್ಲಿ ನಿಲ್ಲತ್ತಾ ಅಂತ ನೋಡಿ. ನನ್ನ ಟ್ಯಾಂಕಲ್ಲಿ ಈಗ ದಿನಕ್ಕೆ 8 ಎಂಎಲ್ ವಿನೆಗರ್, ನೈಟ್ರೇಟ್ 7, ಫಾಸ್ಫೇಟ್ 0.06, ಜಿಎಫ್ಒ ಡಬ್ಬ ಇನ್ನೂ ಮುಕ್ಕಾಲು ಹಾಗೇ ಕೂತಿದೆ.