ಐಸ್ ಪೆಟ್ಟಿಗೆಯಲ್ಲಿ ಹೋದ ಅಡಿಕೆ

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ, ಅಡಿಕೆಯ ಕೊಳೆರೋಗ ತರುವ ಜೀವಿಯನ್ನು ಲ್ಯಾಬಿನಲ್ಲಿ ಬೆಳೆಸಿ (ಅದಕ್ಕೇ ಕಲ್ಚರ್ ಎನ್ನುವುದು) ನಾನು ಕಳಿಸಿದ ಮೊದಲ ಪೆಟ್ಟಿಗೆ ಬೆಂಗಳೂರು ಮುಟ್ಟಿದ ದಿನ ಮಧ್ಯಾಹ್ನ ಫೋನ್ ಬಂತು. "ಮೇಡಂ, ನಿಮ್ಮ ಕಲ್ಚರ್ ಹಳೆಯದಾ? ಬೀಜಕದ ಚೀಲಗಳೆಲ್ಲ ಖಾಲಿ ಇವೆ." ನನಗೆ ನಂಬಲಿಕ್ಕೇ ಆಗಲಿಲ್ಲ. ಹಿಂದಿನ ಸಂಜೆಯಷ್ಟೇ ನಮ್ಮ ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ ನೋಡಿದ್ದೆ. ನಿಂಬೆಹಣ್ಣಿನ ಆಕಾರದ ಚೀಲಗಳು ತುಂಬಿಕೊಂಡು ನಿಂತಿದ್ದವು. ಐಸ್ ಪ್ಯಾಕ್ ಇಟ್ಟು, ಮೂರು ಪದರ ಸುತ್ತಿ, ರಾತ್ರಿ ಬಸ್ಸಿಗೆ ಹಾಕಿದ್ದೆ.

ನಾನು ಕಾಸರಗೋಡಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮನೆ ಬದಿಯಡ್ಕದ ಕಡೆ, ಸುತ್ತ ಅಡಿಕೆ ತೋಟ. ನನ್ನ ಕೆಲಸ ಕೊಳೆರೋಗದ ಮೇಲೆ. ಕಳೆದ ಒಂದು ವರ್ಷದಿಂದ ಜೀವಕೋಶಗಳ ಚಿತ್ರ ತೆಗೆಯುವ ಸಂಶೋಧಕರ ರಾಷ್ಟ್ರೀಯ ಜಾಲವೊಂದರಲ್ಲಿ ನಾನೂ ಇದ್ದೇನೆ. ದೊಡ್ಡ ಮೈಕ್ರೋಸ್ಕೋಪ್ ಇರುವವರು ಸಮಯ ಕೊಡುತ್ತಾರೆ, ನನ್ನಂಥವರು ಮಾದರಿ ಮತ್ತು ಪ್ರಶ್ನೆ ತರುತ್ತಾರೆ. ಉಪಕರಣ ಹುಡುಕುವುದು ಈಗ ಅಷ್ಟು ಕಷ್ಟ ಅಲ್ಲ. 2020ರ ಜನವರಿಯಲ್ಲಿ ಶುರುವಾದ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಯಾವ ಸಂಸ್ಥೆಯಲ್ಲಿ ಏನಿದೆ ಎಂದು ನೋಡಿ ಸಮಯ ಕಾದಿರಿಸಬಹುದು. ಆದರೆ ಯಂತ್ರದ ಮುಂದೆ ಕೂತವರಿಗೆ ಅಡಿಕೆ ಗೊತ್ತಿಲ್ಲ, ಅಡಿಕೆ ಗೊತ್ತಿದ್ದ ನನಗೆ ಆ ಯಂತ್ರ ಗೊತ್ತಿಲ್ಲ. ಇಡೀ ವರ್ಷ ಹೋದದ್ದು ಈ ಎರಡನ್ನು ಜೋಡಿಸುವುದರಲ್ಲೇ.

ಖಾಲಿ ಚೀಲಗಳ ವಿಷಯಕ್ಕೆ ಬರುತ್ತೇನೆ. ಕೊಳೆರೋಗ ತರುವುದು ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. ಅದರ ಚೀಲಗಳಿಗೆ ಒಂದು ಸ್ವಭಾವ ಇದೆ. ತಣ್ಣಗಾಗಿ ಮತ್ತೆ ಸ್ವಲ್ಪ ಬೆಚ್ಚಗಾದರೆ ಬಾಯಿ ತೆರೆದು ಒಳಗಿನ ಈಜುವ ಬೀಜಕಗಳನ್ನು ಹೊರಗೆ ಬಿಡುತ್ತವೆ. ಒಂದೊಂದಕ್ಕೂ ಎರಡು ಬಾಲ, ನೀರಿನ ಪದರದಲ್ಲಿ ಈಜಿ ಹೋಗಿ ಎಳೆ ಅಡಿಕೆ ಹಿಡಿಯುತ್ತವೆ. ಆಟಿಯ ಮಳೆಯಲ್ಲಿ ತೋಟಕ್ಕೆ ತೋಟವೇ ಉದುರುವುದು ಅದಕ್ಕೇ ಅಲ್ವಾ. ಲ್ಯಾಬಿನಲ್ಲಿ ನಾವು ಬೀಜಕ ಬೇಕಾದಾಗ ಬೇಕೆಂದೇ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆಯುತ್ತೇವೆ. ನಾನು ಕಳಿಸಿದ ಪೆಟ್ಟಿಗೆ ಇಡೀ ರಾತ್ರಿ ಅದೇ ಕೆಲಸ ಮಾಡಿತ್ತು. ಘಟ್ಟ ಹತ್ತುವಾಗ ತಂಪು, ಬೆಳಿಗ್ಗೆ ಐಸ್ ಕರಗಿದ ಮೇಲೆ ಬೆಚ್ಚಗೆ. ಬಸ್ಸು ಊರು ಮುಟ್ಟುವ ಮೊದಲೇ ಚೀಲಗಳೆಲ್ಲ ಒಡೆದಿದ್ದವು.

ಎರಡನೇ ಸಲ ಐಸ್ ಇಡಲಿಲ್ಲ. ಚೀಲ ಇನ್ನೂ ಬಾರದ, ಬರೀ ಅದರ ನೂಲಿನಂಥ ಎಳೆಗಳಿದ್ದ ಅಗರ್ ತಟ್ಟೆಗಳನ್ನು (ಕಲ್ಚರ್ ಬೆಳೆಸುವ ತಟ್ಟೆಗಳನ್ನು) ಮುಚ್ಚಿ ಸೀಲ್ ಮಾಡಿ ಕಳಿಸಿದೆ. ಅಲ್ಲಿನವರಿಗೆ ಹಂತ ಹಂತವಾಗಿ ಬರೆದುಕೊಟ್ಟೆ: ಸ್ವಚ್ಛ ನೀರಿನಲ್ಲಿಡಿ, ಬೆಳಕಿನಡಿ ಎರಡು ದಿನ ಬಿಡಿ, ಚೀಲ ಬಂದ ಮೇಲಷ್ಟೇ ತಂಪು ಮಾಡಿ, ಕುಲುಕಬೇಡಿ. ಕುಲುಕಿದರೆ ಬೀಜಕಗಳು ಬಾಲ ಕಳಚಿ ಗುಂಡಗಾಗಿ ಕೂತುಬಿಡುತ್ತವೆ. ಈ ಕೊನೆಯ ಮಾತು ಯಾರೂ ಬರೆದಿಡುವುದಿಲ್ಲ. ಪೈಪೆಟ್ಟಿನಲ್ಲಿ ಜೋರಾಗಿ ಎಳೆದರೂ ಸಾಕು, ಈಜುವುದು ನಿಂತಿತು. ಇದು ಎಷ್ಟೋ ದಿನ ಹಾಳು ಮಾಡಿಕೊಂಡು ನಾನು ಕಲಿತದ್ದು.

ಆಮೇಲೆ ಬಣ್ಣದ ತೊಂದರೆ. ಸೋಂಕಿದ ಸಿಪ್ಪೆಯೊಳಗೆ ಎಳೆಗಳು ಎಲ್ಲಿ ಹೋಗುತ್ತವೆ ಎಂದು ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕಿತ್ತು. ಲೇಸರ್ ಬೆಳಕನ್ನು ಒಂದು ಚುಕ್ಕಿಗೆ ಹಾಯಿಸಿ, ಆಳದ ಒಂದೊಂದು ಪದರವನ್ನೂ ಬೇರೆಬೇರೆಯಾಗಿ ತೆಗೆಯುವ ಯಂತ್ರ ಅದು. ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಶಿಲೀಂಧ್ರಗಳಲ್ಲಿ ಪಳಗಿದವನು, ತುಂಬ ಶ್ರದ್ಧೆಯವನು. ಅವನು ಹಾಕಿದ್ದು ಶಿಲೀಂಧ್ರಗಳ ಕೋಶದ ಗೋಡೆಯಲ್ಲಿರುವ ಕೈಟಿನ್‌ಗೆ ಅಂಟುವ ಬಣ್ಣ. ಮೂರು ವಾರ ಹಾಕಿದ, ಏನೂ ಕಾಣಲಿಲ್ಲ. ಫೈಟಾಫ್ತೊರವನ್ನು ಬೂಷ್ಟು ಎಂದು ಎಲ್ಲರೂ ಕರೆಯುತ್ತೇವೆ, ಬಿದ್ದ ಅಡಿಕೆಯ ಮೇಲೆ ಬಿಳಿ ಬೂಷ್ಟಿನ ಹಾಗೆಯೇ ಕಾಣುತ್ತದೆ. ಆದರೆ ಅದು ನಿಜವಾದ ಶಿಲೀಂಧ್ರ ಅಲ್ಲ, ಕಂದು ಪಾಚಿಗಳ ನೆಂಟ. ಅದರ ಗೋಡೆಯಲ್ಲಿ ಹೆಚ್ಚಾಗಿರುವುದು ಸೆಲ್ಯುಲೋಸ್ ಮತ್ತು ಗ್ಲುಕಾನ್. ಕೈಟಿನ್ ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಸೆಲ್ಯುಲೋಸ್‌ಗೆ ಅಂಟುವ ಬಣ್ಣ ಹಾಕೋಣ ಎಂದುಕೊಂಡೆವು. ಹಾಕಿದೆವು. ಅಡಿಕೆಯ ಗೋಡೆಯೂ ಸೆಲ್ಯುಲೋಸೇ ತಾನೆ, ಇಡೀ ಸಿಪ್ಪೆ ದೀಪ ಹಚ್ಚಿದ ಹಾಗೆ ಹೊಳೆಯಿತು. ಇನ್ನು ಸಿಪ್ಪೆಯ ನಾರಿನಲ್ಲಿರುವ ಲಿಗ್ನಿನ್, ಅದು ಬಣ್ಣವೇ ಹಾಕದಿದ್ದರೂ ನೀಲಿ-ಹಸಿರಾಗಿ ಹೊಳೆಯುತ್ತದೆ. ರೋಗ ಎಲ್ಲಿ, ಅಡಿಕೆ ಎಲ್ಲಿ ಎಂದು ಗೊತ್ತಾಗುವಂತಿರಲಿಲ್ಲ.

ದಾರಿ ತೋರಿಸಿದ್ದು ಜಾಲದ ತಿಂಗಳ ಸಭೆಯಲ್ಲಿ ಪರಿಚಯವಾದ ಹಿರಿಯ ತಂತ್ರಜ್ಞರೊಬ್ಬರು. ಅವರು ಕೇಳಿದರು, "ಟ್ರಿಪಾನ್ ಬ್ಲೂ ಇದೆಯಾ ನಿಮ್ಮಲ್ಲಿ?" ಇದೆ, ಎಲ್ಲ ಕಾಲೇಜಿನ ಕಪಾಟಿನಲ್ಲೂ ಇದೆ. ಬರಿಗಣ್ಣಿಗೆ ನೀಲಿ ಕಾಣುವ ಆ ಹಳೇ ಬಣ್ಣ, ಸರಿಯಾದ ಲೇಸರ್ ಬಿದ್ದರೆ ಕಡುಗೆಂಪಾಗಿ ಹೊಳೆಯುತ್ತದಂತೆ. ಸಿಪ್ಪೆಯ ಹೊಳಪು ನೀಲಿ-ಹಸಿರು, ಎಳೆಯ ಹೊಳಪು ಕೆಂಪು. ಎಳೆಗಾಯಿಯ ಹಸಿರು ಅಂಶವೂ ಕೆಂಪಾಗಿಯೇ ಹೊಳೆಯುವುದರಿಂದ ಮೊದಲು ತುಂಡುಗಳನ್ನು ಬಿಸಿ ಆಲ್ಕೋಹಾಲಿನಲ್ಲಿ ಬಿಳಿಚಿಸಬೇಕು. ಅಷ್ಟೂ ಕೆಲಸ ಇಲ್ಲೇ, ನಮ್ಮ ಲ್ಯಾಬಿನಲ್ಲೇ, ಕೈಗವಸು ಹಾಕಿಕೊಂಡು ಮಾಡಿದೆವು. ಬಣ್ಣ ಹಾಕಿದ ತುಂಡುಗಳೇ ಬಸ್ಸು ಹತ್ತಿದವು. ಜೊತೆಗೆ ಅದೇ ಗೊನೆಯ ರೋಗವಿಲ್ಲದ ಎರಡು ಕಾಯಿಯ ತುಂಡುಗಳು, ಹೋಲಿಸಿ ನೋಡಲಿಕ್ಕೆ. ಇವಿಲ್ಲದೆ ಕಳಿಸಬೇಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಒಂದು ಸಭೆ ಚೆನ್ನಾಗಿ ನೆನಪಿದೆ. ರೋಗ ತೊಟ್ಟಿನ ಹತ್ತಿರ ನೀರುಗಟ್ಟಿದ ಕಡುಹಸಿರು ಕಲೆಯಾಗಿ ಶುರುವಾಗುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆ. ತೊಟ್ಟಿಗೆ ನಾನು ಬಳಸಿದ ಇಂಗ್ಲಿಷ್ ಪದವನ್ನು ಎದುರಿದ್ದವರು ಹೂವಿನ ಕೆಳಗಿನ ಹಸಿರು ದಳ ಎಂದುಕೊಂಡು ತಲೆದೂಗುತ್ತಿದ್ದರು. ಆಗ ಸುಮ್ನೆ ಮಾತು ನಿಲ್ಲಿಸಿ ಒಂದು ಎಳೆಕಾಯಿಯನ್ನು ಕ್ಯಾಮೆರಾದ ಮುಂದೆ ಹಿಡಿದೆ. ತೊಟ್ಟನ್ನು ಉಗುರಿನಿಂದ ಎಬ್ಬಿಸಿ ತೋರಿಸಿದೆ. ಅದರ ಅಡಿಯಲ್ಲಿ ನೀರು ನಿಲ್ಲುವ ಸಣ್ಣ ಸಂದು. ಕತ್ತಿಯಿಂದ ಉದ್ದಕ್ಕೆ ಸೀಳಿದೆ, ಸಿಪ್ಪೆ, ನಾರು, ಇನ್ನೂ ಲೋಳೆಯಾಗಿದ್ದ ತಿರುಳು. "ಓ, ಇಲ್ಲಿ!" ಎಂದರು. ಅವತ್ತಿನಿಂದ ಅವರು ಚಿತ್ರ ತೆಗೆಯುವ ಜಾಗ ಬದಲಾಯಿತು. ಶಿವಮೊಗ್ಗ ಕಡೆಯ ಒಬ್ಬರು ಸಭೆ ಮುಗಿದ ಮೇಲೆ ಫೋನ್ ಮಾಡಿ ಅರ್ಧ ಗಂಟೆ ಕನ್ನಡದಲ್ಲೇ ಮಾತಾಡಿದರು. ಅವರ ಮನೆಯಲ್ಲೂ ತೋಟ ಇದೆಯಂತೆ.

ಕಡತಗಳ ಬಗ್ಗೆಯೂ ಹೇಳಬೇಕು. 2048 ಚುಕ್ಕಿ ಉದ್ದಗಲದ 16 ಬಿಟ್ ಚಿತ್ರ ಒಂದಕ್ಕೆ ಸುಮಾರು 8 ಎಂಬಿ. 120 ಪದರ, ಎರಡು ಬಣ್ಣ ಎಂದರೆ ಒಂದು ತುಂಡು ಸಿಪ್ಪೆಗೆ 2 ಜಿಬಿ. ಮಳೆಗಾಲದಲ್ಲಿ ಕರೆಂಟು ಹೋಗುತ್ತಲೇ ಇರುವ ಊರಿನಲ್ಲಿ ಅದನ್ನು ಇಳಿಸಿಕೊಳ್ಳುವುದು ಹರಸಾಹಸ. ಒಂದು ಲ್ಯಾಬಿನವರು ನನಗೆ ಸುಲಭವಾಗಲಿ ಎಂದು ಜೆಪೆಗ್ ಮಾಡಿ ಕಳಿಸಿದರು. ನೋಡಲಿಕ್ಕೆ ಚೆಂದ, ಆದರೆ ಅಳತೆಯೇ ಇಲ್ಲ. ಎಳೆಯ ದಪ್ಪ ಎಷ್ಟು ಮೈಕ್ರಾನ್, ಯಾವ ಲೇಸರ್, ಪದರದ ನಡುವೆ ಅಂತರ ಎಷ್ಟು, ಎಲ್ಲ ಹೋಗಿತ್ತು. ಮೂಲ ಕಡತ ಕೇಳುವಷ್ಟರಲ್ಲಿ ಯಂತ್ರದ ಕಂಪ್ಯೂಟರ್ ತುಂಬಿತೆಂದು ಅಳಿಸಿದ್ದರು. ಆ ಕಾಯಿಗಳು ಮತ್ತೆ ಸಿಗುವುದಿಲ್ಲವಲ್ಲ, ಒಂದು ಮಳೆಗಾಲವೇ ಹೋಯಿತು. ತುಂಬ ಬೇಸರವಾಯಿತು. ಈಗ ಚಿತ್ರ ತೆಗೆದ ಸಂಜೆಯೇ ಮೂಲ ಕಡತ ಎರಡು ಡಿಸ್ಕಿಗೆ ಹೋಗುತ್ತದೆ, ಒಂದು ಡಿಸ್ಕ್ ಕೊರಿಯರ್‌ನಲ್ಲಿ ನನಗೆ ಬರುತ್ತದೆ. ತೆರೆಯಲಿಕ್ಕೆ ಫಿಜಿ ಎಂಬ ಉಚಿತ ತಂತ್ರಾಂಶ ಸಾಕು, ಪದರಗಳನ್ನು ಒಂದೊಂದಾಗಿ ಡಿಸ್ಕಿನಿಂದಲೇ ಓದುವ ಹಾಗೆ ಹೊಂದಿಸಿದರೆ ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ.

ಮಾದರಿಯ ಜೊತೆ ಏನೇನು ಬರೆಯಬೇಕು ಎಂಬುದಕ್ಕೆ 2021ರಲ್ಲಿ ಬಂದ ರೆಂಬಿ ಎಂಬ ಪಟ್ಟಿ ಇದೆ. ಜೀವಕೋಶದ ಚಿತ್ರಗಳಿಗೆ ಯಾವ ಮಾಹಿತಿ ಜೋಡಿಸಬೇಕು ಎಂದು ಹಲವು ದೇಶಗಳ ತಜ್ಞರು ಸೇರಿ ಮಾಡಿದ್ದು. ಅದನ್ನು ನೋಡಿ ನಾವೊಂದು ಪುಟದ ನಮೂನೆ ಮಾಡಿಕೊಂಡೆವು. ಮರದ ಪ್ರಾಯ, ಕಾಯಿಯ ಪ್ರಾಯ, ಕಿತ್ತ ದಿನಾಂಕ, ಕೊನೆಯ ಸಲ ಮದ್ದು ಬಿಟ್ಟದ್ದು ಯಾವಾಗ. ಮದ್ದು ಎಂದರೆ ಬೋರ್ಡೋ, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. 1910ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದಾಗಲೂ ಇದೇ ಮದ್ದು. ಆಗ ಕಾನ್‌ಫೋಕಲ್ ಎಲ್ಲಿತ್ತು? ಆ ಮನುಷ್ಯನ ಬಗ್ಗೆ ನನಗೆ ತುಂಬ ಗೌರವ.

ಈ ವರ್ಷ ಮಳೆ ಹಿಡಿಯುವ ಮೊದಲು ಕೊನೆಯ ಕಂತಿನ ಚಿತ್ರ ಬಂತು. ತೊಟ್ಟಿನ ಅಡಿಯ ಸಂದಿನಿಂದ ಕೆಂಪು ಎಳೆಗಳು ಹೊರಟು, ನೀಲಿ-ಹಸಿರು ನಾರುಗಳ ನಡುವೆ ನುಸುಳಿ ಒಳಗೆ ಹೋಗಿವೆ. ಇರುವುದು ಮೂರು ಮರದ ಕಾಯಿಗಳು ಅಷ್ಟೇ, ದೊಡ್ಡ ಮಾತು ಹೇಳುವ ಹೊತ್ತಲ್ಲ. ಆದರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಪಕ್ಕದ ತೋಟದ ಭಟ್ರ ಮನೆಗೆ ಹೋದೆ. ಮೊದಲ ಕಾಯಿ ಕೊಟ್ಟವರು ಅವರೇ. ಜಗಲಿಯಲ್ಲಿ ಕೂತು ಪದರದ ಮೇಲೆ ಪದರ ಸರಿಸಿ ತೋರಿಸಿದೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಎಂತ ಟೀಚರೇ, ಮದ್ದು ಬಿಡುವಾಗ ತೊಟ್ಟಿನ ಅಡಿಗೆ ಹೋಗುದಿಲ್ಲ ಅಂತ ನಾವು ಹೇಳುದು ಇದೇ ಅಲ್ವಾ?" ಎಂದರು. ಆಮೇಲೆ ಕೇಳಿದರು, "ಇದು ಮಳೆ ಬಿಟ್ಟು ಎಷ್ಟನೇ ದಿವಸ ಕಿತ್ತದ್ದು?"

ನನ್ನ ಹತ್ತಿರ ದಿನಾಂಕ ಇತ್ತು. ಮಳೆ ಯಾವಾಗ ಬಿಟ್ಟಿತ್ತು ಎಂದು ಬರೆದಿರಲಿಲ್ಲ. ತೋಟದವರಿಗೆ ಮೊದಲು ಹೊಳೆಯುವ ಪ್ರಶ್ನೆ ಅದು, ನಮ್ಮ ನಮೂನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆ ರಾತ್ರಿಯೇ ಒಂದು ಸಾಲು ಸೇರಿಸಿ ಎಲ್ಲರಿಗೂ ಕಳಿಸಿದೆ: ಮಳೆ ಬಿಟ್ಟು ಎಷ್ಟು ದಿನ, ಬಿಸಿಲು ಬಂದಿತ್ತಾ. ನಾಳೆ ಹೋಗುವ ಪೆಟ್ಟಿಗೆಯ ಮೇಲೆ ಅದನ್ನು ಭಟ್ರೇ ತುಂಬಿಸಿಕೊಟ್ಟಿದ್ದಾರೆ. "ಎರಡು ದಿನ. ಬಿಸಿಲು ಮಧ್ಯಾಹ್ನ ಮಾತ್ರ."