ಪ್ರಿಫೆಚರ್ ಕೆಲಸದಲ್ಲಿ ಪಕ್ಕದ ಲೇಯರ್‌ನವರ ಜೊತೆ: ನನ್ನ ಅನುಭವ

ಕಂಪ್ಯೂಟರ್ ಆರ್ಕಿಟೆಕ್ಚರ್ (ಪ್ರೊಸೆಸರ್ ವಿನ್ಯಾಸ) ರಿಸರ್ಚ್‌ನಲ್ಲಿ ಪಕ್ಕದ ಲೇಯರ್‌ನವರ, ಅಂದ್ರೆ ಆಪರೇಟಿಂಗ್ ಸಿಸ್ಟಮ್, ಸೆಕ್ಯುರಿಟಿ ಥರ ಬೇರೆ ವಿಷಯದವರ ಜೊತೆ ಸೇರಿ ಕೆಲಸ ಮಾಡೋದು ಹೇಗೆ ಅಂತ ಪಿಎಚ್‌ಡಿಗೆ ಹೊಸದಾಗಿ ಸೇರಿದವ್ರು ಆಗಾಗ ಕೇಳ್ತಿರ್ತಾರೆ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಡೋ ಬದಲು ಒಂದ್ಸಲ ಬರೆದುಬಿಡೋಣ ಅನ್ನಿಸ್ತು.

ನನ್ನ ಕೆಲಸ ಇರೋದು ಕ್ಯಾಶ್ ಮತ್ತೆ ಪ್ರಿಫೆಚರ್ ಮೇಲೆ. ಕ್ಯಾಶ್ ಅಂದ್ರೆ ಪ್ರೊಸೆಸರ್ ಪಕ್ಕದಲ್ಲೇ ಇರೋ ಚಿಕ್ಕ, ವೇಗದ ಮೆಮೊರಿ. ಪ್ರೋಗ್ರಾಮ್ ಮುಂದೆ ಯಾವ ಡೇಟಾ ಕೇಳತ್ತೆ ಅಂತ ಹಾರ್ಡ್‌ವೇರೇ ಊಹಿಸಿ, ಕೇಳೋಕೆ ಮುಂಚೆನೇ ಕ್ಯಾಶ್‌ಗೆ ತಂದು ಇಡತ್ತಲ್ಲ, ಅದು ಪ್ರಿಫೆಚರ್. ಡಿರ್ಯಾಮ್ (ಮುಖ್ಯ ಮೆಮೊರಿ) ತನಕ ಹೋಗಿ ಬರೋಕೆ ನೂರಾರು ಸೈಕಲ್ ಹಿಡಿಯತ್ತೆ, ಅಷ್ಟು ಹೊತ್ತು ಕೋರ್ ಸುಮ್ನೆ ಕೂತಿರತ್ತೆ. ವುಲ್ಫ್ ಮತ್ತು ಮೆಕ್ಕೀ 1995ರಲ್ಲೇ ಇದಕ್ಕೆ 'ಮೆಮೊರಿ ವಾಲ್' ಅಂತ ಹೆಸರಿಟ್ಟು ಬರೆದಿದ್ರು, ಇವತ್ತಿಗೂ ನಮ್ಮಂಥವರಿಗೆ ಕೆಲಸ ಸಿಗ್ತಿರೋದು ಆ ಗೋಡೆಯಿಂದಾನೇ.

ಈ ಕೆಲಸ ಒಬ್ಬರೇ ಕೂತು ಮಾಡಬಹುದು ಅನ್ನೋ ಥರ ಕಾಣತ್ತೆ. ಚಾಂಪ್‌ಸಿಮ್ ಅನ್ನೋ ಸಿಮ್ಯುಲೇಟರ್ ಇಳಿಸ್ಕೊಳ್ಳಿ, ಸ್ಪೆಕ್ 2017 ಅನ್ನೋ ಬೆಂಚ್‌ಮಾರ್ಕ್ ಪ್ರೋಗ್ರಾಮ್‌ಗಳ ಟ್ರೇಸ್‌ಗಳನ್ನ (ಓಡಿದ ಇನ್‌ಸ್ಟ್ರಕ್ಷನ್‌ಗಳ ದಾಖಲೆ) ಹಾಕಿ, ಒಂದು ಸಿ++ ಫೈಲ್‌ನಲ್ಲಿ ಪ್ರಿಫೆಚರ್ ಬರೀರಿ, ರಾತ್ರಿ ಕ್ಲಸ್ಟರ್‌ಗೆ ಜಾಬ್ ಹಾಕಿದ್ರೆ ಬೆಳಗ್ಗೆ ಗ್ರಾಫ್ ರೆಡಿ. ಟ್ರೇಸ್ ಇಟ್ಕೊಂಡು ಓಡೋ ಸಿಮ್ಯುಲೇಟರ್ ಆದ್ರಿಂದ ಜೆಮ್5 ಅನ್ನೋ ಇನ್ನೊಂದು ಸಿಮ್ಯುಲೇಟರ್‌ಗಿಂತ ಬೇಗ ಮುಗಿಯತ್ತೆ. ಜೆಮ್5ನಲ್ಲಿ ಲಿನಕ್ಸ್ ಪೂರ್ತಿ ಬೂಟ್ ಮಾಡಬಹುದು ನಿಜ, ಆದ್ರೆ ಅಸಲಿ ಚಿಪ್ ಸೆಕೆಂಡಿಗೆ ನೂರಾರು ಕೋಟಿ ಇನ್‌ಸ್ಟ್ರಕ್ಷನ್ ಓಡಿಸೋ ಕಡೆ ಇದು ಲಕ್ಷದ ಲೆಕ್ಕದಲ್ಲಿ ತೆವಳತ್ತೆ, ಅದಕ್ಕೇ ಎಲ್ಲರೂ ಸಿಮ್‌ಪಾಯಿಂಟ್ ಥರದ್ದು ಬಳಸಿ ಪ್ರೋಗ್ರಾಮ್‌ನ ಕೆಲವು ತುಂಡುಗಳನ್ನ ಮಾತ್ರ ಓಡಿಸೋದು. ಸರಿ, ಹೀಗೆ ಒಬ್ಬರೇ ಪೇಪರ್ ಬರೀಬಹುದು, ಬರೀತಾರೆ ಕೂಡ. ಆದ್ರೆ ನನ್ನ ಪೇಪರ್‌ಗಳಲ್ಲಿ ನನಗೆ ಇಷ್ಟ ಆಗೋದು ಯಾವ್ದು ಅಂತ ನೋಡಿದ್ರೆ, ಎಲ್ಲದರಲ್ಲೂ ಆರ್ಕಿಟೆಕ್ಚರ್‌ನವರಲ್ಲದ ಯಾರೋ ಒಬ್ರು ಒಂದು ಪ್ರಶ್ನೆ ಕೇಳಿರ್ತಾರೆ, ಕೆಲಸ ಅಲ್ಲಿಂದ ತಿರುಗಿರತ್ತೆ.

ಒಂದು ಉದಾಹರಣೆ ಕೊಡ್ತೀನಿ. ಎಲ್2, ಅಂದ್ರೆ ಎರಡನೇ ಹಂತದ ಕ್ಯಾಶ್‌ನಲ್ಲಿ ಕೂರೋ ಪ್ರಿಫೆಚರ್‌ಗೆ ಕಾಣೋದು ಫಿಸಿಕಲ್ ಅಡ್ರೆಸ್ (ಮೆಮೊರಿಯಲ್ಲಿ ಡೇಟಾ ನಿಜವಾಗಿ ಇರೋ ಜಾಗ) ಮಾತ್ರ, ಪ್ರೋಗ್ರಾಮ್ ಬಳಸೋ ವರ್ಚುಯಲ್ ಅಡ್ರೆಸ್ ಅಲ್ಲ. ಪೇಜ್ (ಆಪರೇಟಿಂಗ್ ಸಿಸ್ಟಮ್ ಮೆಮೊರಿ ಹಂಚೋ ತುಂಡು) 4 ಕೆಬಿ, ಕ್ಯಾಶ್ ಲೈನ್ (ಕ್ಯಾಶ್‌ಗೆ ಒಂದ್ಸಲಕ್ಕೆ ಬರೋ ತುಂಡು) 64 ಬೈಟ್, ಅಂದ್ರೆ ಒಂದು ಪೇಜ್‌ಗೆ 64 ಲೈನ್. ಪ್ಯಾಟರ್ನ್ ಎಷ್ಟೇ ಚೆನ್ನಾಗಿ ಸಿಕ್ಕಿರ್ಲಿ, 64ನೇ ಲೈನ್ ಬಂದ ತಕ್ಷಣ ಪ್ರಿಫೆಚರ್ ನಿಲ್ಲಬೇಕು, ಯಾಕಂದ್ರೆ ವರ್ಚುಯಲ್ ಆಗಿ ಪಕ್ಕದಲ್ಲಿರೋ ಪೇಜ್ ಫಿಸಿಕಲ್ ಮೆಮೊರಿಯಲ್ಲಿ ಎಲ್ಲಿ ಕೂತಿದೆಯೋ ಅದಕ್ಕೆ ಗೊತ್ತಿಲ್ಲ. ನಮ್ಮ ಫೀಲ್ಡ್‌ನಲ್ಲಿ ಇದನ್ನ ನಿಯಮ ಅಂತ ಒಪ್ಕೊಂಡು ಮುಂದೆ ಹೋಗ್ತಾರೆ, ನಾನೂ ಹೋಗ್ತಿದ್ದೆ. ಆಪರೇಟಿಂಗ್ ಸಿಸ್ಟಮ್ ಕಡೆ ಕೆಲಸ ಮಾಡೋ ಸ್ನೇಹಿತೆಯೊಬ್ರು ಗ್ರಾಫ್ ನೋಡ್ತಾ, "ಈ ಪ್ರೋಗ್ರಾಮ್‌ಗೆ ಹ್ಯೂಜ್ ಪೇಜ್ ಆನ್ ಇದೆಯಾ?" ಅಂದ್ರು. ಟ್ರೇಸ್‌ನಲ್ಲಿ ಪೇಜ್ ಸೈಜ್ ಅನ್ನೋ ಮಾಹಿತಿನೇ ಇರ್ಲಿಲ್ಲ! ಲಿನಕ್ಸ್ ಎಷ್ಟೋ ಕಡೆ ತಾನಾಗೇ 2 ಎಂಬಿ ಪೇಜ್ ಕೊಟ್ಟಿರತ್ತೆ, ಅಲ್ಲಿ ಪ್ರಿಫೆಚರ್ 64 ಲೈನ್‌ಗೆ ನಿಲ್ಲೋ ಅಗತ್ಯನೇ ಇಲ್ಲ, 32,768 ಲೈನ್ ತನಕ ಹೋಗಬಹುದು. ಪೇಜ್ ಎಷ್ಟು ದೊಡ್ಡದು ಅಂತ ಟಿಎಲ್‌ಬಿಗೆ (ವರ್ಚುಯಲ್ ಅಡ್ರೆಸ್‌ನ ಫಿಸಿಕಲ್ ಅಡ್ರೆಸ್‌ಗೆ ಬದಲಾಯಿಸಿಕೊಡೋ ಹಾರ್ಡ್‌ವೇರ್) ಗೊತ್ತಿರತ್ತೆ, ಆ ಒಂದು ಬಿಟ್ ರಿಕ್ವೆಸ್ಟ್ ಜೊತೆ ಎಲ್2 ತನಕ ಬಂದ್ರೆ ಸಾಕು.

ಅಲ್ಲಿಂದ ನಾವಿಬ್ರೂ ಸೇರಿ ಮಾಡಿದ್ದು ಬೋರಿಂಗ್ ಕೆಲಸ: ನಿಜವಾದ ಮಷೀನ್‌ನಲ್ಲಿ ಪ್ರೋಗ್ರಾಮ್ ಓಡಿಸಿ, ಯಾವ ಅಡ್ರೆಸ್ ಯಾವ ಸೈಜಿನ ಪೇಜ್‌ನಲ್ಲಿ ಬಿತ್ತು ಅಂತ ತೆಗೆದು ಟ್ರೇಸ್‌ಗೆ ಸೇರಿಸೋದು. ಇದ್ರಲ್ಲಿ ಒಂದು ವಿಷಯ ಗೊತ್ತಾಯ್ತು, ಮಷೀನ್ ಈಗ ತಾನೇ ಆನ್ ಆಗಿದ್ರೆ ದೊಡ್ಡ ಪೇಜ್ ಸಲೀಸಾಗಿ ಸಿಗತ್ತೆ, ಬಹಳ ದಿನ ಓಡಿ ಮೆಮೊರಿ ಚೂರುಚೂರಾಗಿದ್ರೆ ಸಿಗೋದು ಕಷ್ಟ. ಅದಕ್ಕೆ ಎರಡೂ ಸ್ಥಿತಿಯ ನಂಬರ್ ಹಾಕಿದ್ವಿ, ಸ್ಪೀಡಪ್ ಕಮ್ಮಿ ಬಂದಿದ್ದನ್ನೂ ಸೇರಿಸಿ. ರಿವ್ಯೂವರ್ ಸರಿಯಾಗಿ ಅದನ್ನೇ ಕೇಳಿದ್ರು, ರಿಬಟಲ್‌ನಲ್ಲಿ (ರಿವ್ಯೂವರ್‌ಗೆ ನಾವು ಬರೆಯೋ ಉತ್ತರ) ಎರಡು ಸಾಲಲ್ಲಿ ಮುಗೀತು.

ಸೆಕ್ಯುರಿಟಿಯವರ ಜೊತೆ ಕೆಲಸ ಮಾಡೋದು ಬೇರೆನೇ ರುಚಿ. ನಾವು ಪ್ರಿಫೆಚರ್‌ಗೆ ಪ್ಯಾಟರ್ನ್ ನೆನಪಿಡೋ ಒಂದು ಟೇಬಲ್ ಸೇರಿಸಿ ಸ್ಪೀಡ್ ಬಂತು ಅಂತ ಖುಷಿಪಟ್ರೆ, ಅವರು ಕೇಳೋದು ಒಂದೇ: ಈ ಟೇಬಲ್‌ನ ಎರಡು ಪ್ರೋಸೆಸ್ ಹಂಚ್ಕೊಳ್ತವಾ? ಹಂಚ್ಕೊಂಡ್ರೆ ಒಂದರ ಗುಟ್ಟು ಇನ್ನೊಂದಕ್ಕೆ ಸೋರಬಹುದು. 2018ರ ಜನವರಿಯಲ್ಲಿ ಪ್ರೊಸೆಸರ್‌ನಿಂದ ಗುಟ್ಟಿನ ಡೇಟಾ ಕದಿಯೋ ಸ್ಪೆಕ್ಟರ್, ಮೆಲ್ಟ್‌ಡೌನ್ ದಾಳಿಗಳು ಹೊರಗೆ ಬಂದ್ಮೇಲೆ ಈ ಪ್ರಶ್ನೆನ ಯಾರೂ ತಳ್ಳಿಹಾಕೋ ಹಾಗಿಲ್ಲ. ಪ್ರಿಫೆಚರ್‌ನೇ ಹಿಡ್ಕೊಂಡು ಮಾಡಿದ ದಾಳಿಗಳೂ ಬಂದಿವೆ, 2024ರ ಗೋಫೆಚ್‌ನಲ್ಲಂತೂ ಆ್ಯಪಲ್ ಚಿಪ್‌ಗಳ ಪ್ರಿಫೆಚರ್ ಮೂಲಕ ಕ್ರಿಪ್ಟೋ ಕೀ ತೆಗೆದು ತೋರಿಸಿದ್ರು, ಅದೂ ಕಾನ್‌ಸ್ಟೆಂಟ್ ಟೈಮ್ (ಕೀ ಏನೇ ಇದ್ರೂ ಅಷ್ಟೇ ಸಮಯ ಹಿಡಿಯೋದು) ಅಂತ ಹುಷಾರಾಗಿ ಬರೆದ ಕೋಡ್‌ನಿಂದ. ಹಾಗಾಗಿ ಈಗ ಡಿಸೈನ್ ಚರ್ಚೆಯ ಮೊದಲ ಮೀಟಿಂಗ್‌ಗೇ ಅವರನ್ನ ಕರೀತೀನಿ. ಪೇಪರ್ ಮುಗಿದ್ಮೇಲೆ ತೋರಿಸಿದ್ರೆ 'ಸೆಕ್ಯುರಿಟಿ ಚರ್ಚೆ' ಅಂತ ಅರ್ಧ ಪುಟದ ತೇಪೆ ಬೀಳತ್ತೆ ಅಷ್ಟೇ, ಡಿಸೈನ್ ಬದಲಾಗಲ್ಲ.

ಇಂಡಸ್ಟ್ರಿಯವರ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಇಲ್ಲೇ ಜನ ಬೇಜಾರು ಮಾಡ್ಕೊಳ್ಳೋದು. ಸ್ಪೆಕ್‌ನಲ್ಲಿ ಚೆನ್ನಾಗಿ ಕಾಣೋದು ಡೇಟಾಸೆಂಟರ್‌ನಲ್ಲೂ ಹಾಗೇ ಇರತ್ತೆ ಅಂತೇನಿಲ್ಲ. ಗೂಗಲ್‌ನ ಸರ್ವರ್‌ಗಳನ್ನ ಅಳತೆ ಮಾಡಿ 2015ರ ಇಸ್ಕಾ ಕಾನ್ಫರೆನ್ಸ್‌ನಲ್ಲಿ ಬಂದ ಪೇಪರ್ ನೋಡಿ, ಅಲ್ಲಿ ಇನ್‌ಸ್ಟ್ರಕ್ಷನ್ ಕ್ಯಾಶೇ (ಪ್ರೋಗ್ರಾಮ್‌ನ ಕೋಡ್ ಇಡೋ ಕ್ಯಾಶ್) ಒದ್ದಾಡ್ತಿರತ್ತೆ, ನಾವು ಡೇಟಾ ಡೇಟಾ ಅಂತ ಕೂತಿರ್ತೀವಿ. ಹಾಗಾಗಿ ಕಂಪನಿಯವರ ಟ್ರೇಸ್ ಬೇಕೇ ಬೇಕು ಅನ್ಸತ್ತೆ. ಅವರು ಕೊಡಲ್ಲ. ಕೊಡೋಕೆ ಆಗಲ್ಲ, ಅದರಲ್ಲಿ ಅವರ ಗ್ರಾಹಕರ ಕೋಡ್ ಇರತ್ತೆ. ನಾವು ಕಂಡ್ಕೊಂಡ ದಾರಿ ಅಂದ್ರೆ ಟ್ರೇಸ್ ಕೇಳೋದು ಬಿಟ್ಟು ಪ್ಯಾಚ್ (ನಮ್ಮ ಡಿಸೈನ್‌ನ ಕೋಡ್) ಕಳಿಸೋದು. ಅವರ ಸಿಮ್ಯುಲೇಟರ್‌ನಲ್ಲಿ ಅವರೇ ಓಡಿಸ್ತಾರೆ, ವಾಪಸ್ ಬರೋದು ಬೇಸ್‌ಲೈನ್‌ಗೆ ಹೋಲಿಸಿದ ಅನುಪಾತ ಮಾತ್ರ, ವರ್ಕ್‌ಲೋಡ್ ಹೆಸರು ಕೂಡ ಎ, ಬಿ, ಸಿ ಅಂತ. ಕತ್ತಲೆ ರೂಮಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ ಇರತ್ತೆ. 'ಸಿ'ಯಲ್ಲಿ ಸ್ಪೀಡ್ ಬಿದ್ದಿದೆ ಅಂದ್ರೆ ಯಾಕೆ ಅಂತ ನೋಡೋಕೆ ಆಗಲ್ಲ. ಅದಕ್ಕೆ ಪ್ಯಾಚ್ ಒಳಗೇ ಕೌಂಟರ್‌ಗಳನ್ನ ಇಟ್ಟು ಕಳಿಸ್ತೀವಿ: ತಂದ ಲೈನ್‌ಗಳಲ್ಲಿ ಎಷ್ಟು ಬಳಕೆ ಆಯ್ತು, ಎಷ್ಟು ತಡವಾಗಿ ಬಂತು, ಡಿರ್ಯಾಮ್ ಬ್ಯಾಂಡ್‌ವಿಡ್ತ್ ಎಷ್ಟು ತಿಂತು. ಯಾವ ಕೌಂಟರ್ ಹೊರಗೆ ಕೊಡಬಹುದು ಅಂತ ಮೊದಲೇ ಕೂತು ಮಾತಾಡಿ ಮೇಲ್‌ನಲ್ಲಿ ಬರೆದಿಟ್ಕೊಂಡಿರ್ಬೇಕು.

ಇನ್ನು ಅವರ ಲೀಗಲ್ ಟೀಮ್ ಒಪ್ಪಿಗೆ. ಇಸ್ಕಾ ಡೆಡ್‌ಲೈನ್ ಸಾಮಾನ್ಯವಾಗಿ ನವೆಂಬರ್, ಮೈಕ್ರೋ ಅನ್ನೋ ಇನ್ನೊಂದು ಕಾನ್ಫರೆನ್ಸ್‌ದು ಏಪ್ರಿಲ್. ಆ ವಾರ ಒಪ್ಪಿಗೆ ಕೇಳಿದ್ರೆ ಕೆಲಸ ಕೆಟ್ಟಂಗೇ, ಗ್ರಾಫ್ ಇಲ್ಲದ ಡ್ರಾಫ್ಟ್‌ನಾದ್ರೂ ತುಂಬ ಮುಂಚೆ ಕಳಿಸಿ ಸಾಲಿಗೆ ನಿಲ್ಲಿಸ್ಬೇಕು.

ಆಥರ್ ಆರ್ಡರ್ ಬಗ್ಗೆ ಜಗಳ ಆಗೋದನ್ನ ನೋಡಿದೀನಿ, ಮೊದಲ ಮೀಟಿಂಗ್‌ನಲ್ಲೇ ಮಾತಾಡ್ಕೊಳ್ಳಿ, ಅಷ್ಟೇ.

ಕೊನೇದಾಗಿ, ಬೇರೆ ಗುಂಪಿನವರಿಗೆ ಮೊದಲ ಸಲ ಮೇಲ್ ಹಾಕೋವಾಗ 'ನಿಮ್ಮ ಕೆಲಸ ತುಂಬಾ ಇಷ್ಟ, ಸೇರಿ ಏನಾದ್ರೂ ಮಾಡೋಣ' ಅಂತ ಬರೀಬೇಡಿ, ಅಂಥ ಮೇಲ್‌ಗಳಿಗೆ ನಾನೂ ಉತ್ತರ ಕೊಡಲ್ಲ. ಅವರ ಪೇಪರ್‌ನ ಒಂದು ಗ್ರಾಫ್ ತಗೊಂಡು ನಿಮ್ಮ ಸೆಟಪ್‌ನಲ್ಲಿ ಓಡಿಸಿ, ಎಲ್ಲಿ ಹೊಂದ್ತು ಎಲ್ಲಿ ಹೊಂದ್ಲಿಲ್ಲ ಅಂತ ಕಾನ್ಫಿಗ್ ಫೈಲ್ ಸಮೇತ ಕಳಿಸಿ. ಅಂಥ ಮೇಲ್ ಬಂದ್ರೆ ನಾನಂತೂ ಕೈಲಿರೋ ಕೆಲಸ ಬಿಟ್ಟು ಮೊದಲು ಅದನ್ನೇ ಓದ್ತೀನಿ.