ಮೊದಲ ಹೆಜ್ಜೆಗೆ ಹನ್ನೊಂದು ವಾರ

2024ರ ಜನವರಿಯ ಮೊದಲ ವಾರ. ಡಲ್ಲಾಸ್ ನಗರದ ಹೊರವಲಯದಲ್ಲಿ ನಾನು ಕೆಲಸ ಮಾಡುವ ತರಬೇತಿ ಕೇಂದ್ರದ ಬಾಗಿಲಲ್ಲಿ ಒಬ್ಬ ಹುಡುಗ ಬಂದು ನಿಂತ. ಆರು ಅಡಿ ಎರಡು ಇಂಚು ಎತ್ತರ, 283 ಪೌಂಡ್ ತೂಕ. ನಮ್ಮ ಲೆಕ್ಕದಲ್ಲಿ 128 ಕಿಲೋ. ಊರಲ್ಲಾದರೆ ಇಷ್ಟು ದೊಡ್ಡ ಆಳನ್ನು ಜನ ತಿರುಗಿ ನೋಡುತ್ತಾರೆ. ಅವನ ಚಿಂತೆಯೋ ತಾನು ಸಣ್ಣವನು ಎಂಬುದು. "ಕೋಚ್, ಎಲ್ಲರೂ ನಾನು ಹಗುರ ಎನ್ನುತ್ತಾರೆ. ನನ್ನ ತೂಕ ಹೆಚ್ಚಿಸಿ ಕೊಡಿ" ಎಂದು ಕೇಳಿದ.

ಅವನು ಟೆಕ್ಸಾಸ್‌ನ ಒಂದು ಡಿವಿಷನ್ 2 (ಕಾಲೇಜು ಕ್ರೀಡೆಯ ಎರಡನೇ ಶ್ರೇಣಿ) ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಡಿಫೆನ್ಸಿವ್ ಟ್ಯಾಕಲ್ ಆಗಿ, ಅಂದರೆ ರಕ್ಷಣಾ ಸಾಲಿನ ನಡುವೆ ನಿಲ್ಲುವವನಾಗಿ, ಆಡಿದ್ದ. ಆ ಮಟ್ಟದಲ್ಲಿ ಇಡೀ ಫುಟ್‌ಬಾಲ್ ತಂಡಕ್ಕೆ ಸಿಗುವುದು 36 ಪೂರ್ಣ ವಿದ್ಯಾರ್ಥಿವೇತನದಷ್ಟು ಹಣ. ಅದನ್ನು ಚೂರು ಚೂರು ಮಾಡಿ ಹಂಚುತ್ತಾರೆ. ಅವನ ಪಾಲಿಗೆ ಅರ್ಧದಷ್ಟು ಶುಲ್ಕ ಬಂದಿತ್ತು. ಉಳಿದದ್ದನ್ನು ವೃದ್ಧಾಶ್ರಮದಲ್ಲಿ ರಾತ್ರಿಪಾಳಿ ಮಾಡುವ ಅವನ ತಾಯಿ ಹೊಂದಿಸಿದ್ದರು. ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಕಂಬೈನ್‌ಗೆ, ಅಂದರೆ ಹೊಸ ಆಟಗಾರರನ್ನು ಅಳೆದು ಪರೀಕ್ಷಿಸುವ ಶಿಬಿರಕ್ಕೆ, ಸುಮಾರು ಮುನ್ನೂರಿಪ್ಪತ್ತು ಹುಡುಗರನ್ನು ಕರೆಯುತ್ತಾರೆ. ಇವನಿಗೆ ಕರೆ ಬಂದಿರಲಿಲ್ಲ. ಇದ್ದದ್ದು ಒಂದೇ ದಾರಿ: ಮಾರ್ಚ್ ಮೂರನೇ ವಾರ ಹತ್ತಿರದ ದೊಡ್ಡ ವಿಶ್ವವಿದ್ಯಾಲಯವೊಂದರ ಪ್ರೊ ಡೇ, ಅಂದರೆ ವೃತ್ತಿಪರ ತಂಡಗಳವರು ಅಲ್ಲಿಗೇ ಬಂದು ಆಟಗಾರರನ್ನು ಪರೀಕ್ಷಿಸುವ ದಿನ. ಅಲ್ಲಿ ಸಣ್ಣ ಕಾಲೇಜಿನ ಕೆಲವರಿಗೂ ಜಾಗ ಕೊಡುತ್ತಾರೆ. ನಮ್ಮ ಕೈಯಲ್ಲಿ ಹನ್ನೊಂದು ವಾರಗಳಿದ್ದವು.

ಈ ಆಟ ನೋಡದವರಿಗೆ ಅವನ ಕೆಲಸ ಏನೆಂದು ಹೇಳಬೇಕು. ಚೆಂಡು ನೆಲದ ಮೇಲಿರುತ್ತದೆ. ಅದರ ಆಚೆ ಬದಿಗೆ ಎದುರಾಳಿಯ ಐದು ಜನ ಭಾರಿ ಆಳುಗಳು (ನಡುವಿನವನು ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು), ಅವರ ಬೆನ್ನ ಹಿಂದೆ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್. ಸೆಂಟರ್ ಆದವನು ಚೆಂಡನ್ನು ಹಿಂದಕ್ಕೆ ಕೊಟ್ಟ ಕ್ಷಣದಿಂದ ಕ್ವಾರ್ಟರ್‌ಬ್ಯಾಕ್ ಅದನ್ನು ಎಸೆಯುವವರೆಗೆ ಹೆಚ್ಚುಕಡಿಮೆ ಎರಡೂವರೆ ಸೆಕೆಂಡು. ಅಷ್ಟರೊಳಗೆ ನನ್ನ ಹುಡುಗ 140 ಕಿಲೋ ತೂಕದ ಗಾರ್ಡ್ ಒಬ್ಬನನ್ನು ದಾಟಿ ಹೋಗಬೇಕು. ಓಟದ ಆಟವಾದರೆ, ಅಂದರೆ ಚೆಂಡನ್ನು ಎಸೆಯದೆ ಹಿಡಿದು ಓಡುವುದಾದರೆ, ದಾಟುವ ಹಾಗೂ ಇಲ್ಲ, ಎದುರಾಳಿಗಳ ನಡುವಿನ ತನ್ನ ಸಂದನ್ನು ಬಿಡದೆ ಕಾಯಬೇಕು. ಯಾವುದು ಬರುತ್ತದೆ ಎಂದು ಯಾರೂ ಮೊದಲೇ ಹೇಳುವುದಿಲ್ಲ.

ಮೊದಲ ದಿನ ನಾನು ಅವನಿಂದ ಭಾರ ಎತ್ತಿಸಲಿಲ್ಲ. ಅವನನ್ನು ಮೂರು ಕಡೆ ನೆಲಕ್ಕೂರುವ ಭಂಗಿಯಲ್ಲಿ, ಅಂದರೆ ಎರಡು ಕಾಲು, ಒಂದು ಕೈ ನೆಲಕ್ಕೂರಿ ನಿಲ್ಲಿಸಿ, ಪಕ್ಕದಿಂದ ಮೊಬೈಲ್‌ನಲ್ಲಿ ನಿಧಾನ ಚಲನೆಯ ವಿಡಿಯೊ ತೆಗೆದೆ. ಹತ್ತು ಬಾರಿ ಹೊರಟ. ಹತ್ತೂ ಬಾರಿ ಒಂದೇ ತಪ್ಪು. ಚೆಂಡು ಕದಲಿದ ಕೂಡಲೇ ಅವನ ಮುಂದಿನ ಕಾಲು ಎರಡು ಇಂಚು ಹಿಂದಕ್ಕೆ ಜಾರುತ್ತಿತ್ತು. ತಲೆ ಮೇಲಕ್ಕೇಳುತ್ತಿತ್ತು. ಆಮೇಲೆ ಅವನು ಮುಂದಕ್ಕೆ ಹೋಗುತ್ತಿದ್ದ. ಕಾಲೇಜಿನಲ್ಲಿ ನಾಲ್ಕು ವರ್ಷ ಅವನ ಬಲ ಈ ತಪ್ಪನ್ನು ಮುಚ್ಚಿತ್ತು. ಎನ್‌ಎಫ್‌ಎಲ್ ಗಾರ್ಡ್‌ಗೆ ಆ ಎರಡು ಇಂಚು ಸಾಕು. ಅಷ್ಟರಲ್ಲಿ ಅವನ ಎರಡೂ ಅಂಗೈ ನಿನ್ನ ಎದೆಯ ಮೇಲಿರುತ್ತವೆ ಎಂದು ಹೇಳಿ ವಿಡಿಯೊ ತೋರಿಸಿದೆ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. "ಇದನ್ನು ಯಾರೂ ನನಗೆ ಹೇಳಲಿಲ್ಲ" ಎಂದ. ಆ ಮಾತು ನನಗೆ ನೋವು ತಂದಿತು. ದೇಹ ದೊಡ್ಡದಿರುವ ಮಕ್ಕಳಿಗೆ ಕಲಿಸುವವರು ಕಡಿಮೆ, ಬಳಸಿಕೊಳ್ಳುವವರೇ ಹೆಚ್ಚು.

ತಿದ್ದಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕೆಲಸ ನಡೆದದ್ದು ಅಲ್ಲೇ. ಅವನ ಎರಡು ಪಾದಗಳ ನಡುವಿನ ಹಿಂದುಮುಂದಿನ ಅಂತರ ಹೆಚ್ಚಾಗಿತ್ತು, ಅದನ್ನು ತಗ್ಗಿಸಿದೆ. ಸೊಂಟವನ್ನು ಭುಜಕ್ಕಿಂತ ಒಂದು ಬೆರಳು ಮೇಲೆ ತರಿಸಿದೆ. ನೆಲಕ್ಕೂರಿದ ಕೈಯ ಮೇಲೆ ಎಷ್ಟು ಭಾರ ಬೀಳಬೇಕೆಂದರೆ, ಆ ಕೈಯನ್ನು ಯಾರಾದರೂ ಎಳೆದುಬಿಟ್ಟರೆ ಅವನು ಮುಂದಕ್ಕೆ ಮುಗ್ಗರಿಸಬೇಕು. ಮುಂದಿನ ಪಾದದ ಹಿಮ್ಮಡಿಗೆ ತಾಗುವಂತೆ ಒಂದು ತೆಳುವಾದ ಮರದ ಪಟ್ಟಿ ಇಟ್ಟೆ. ಕಾಲು ಹಿಂದಕ್ಕೆ ಜಾರಿದರೆ ಪಟ್ಟಿ ಸದ್ದು ಮಾಡುತ್ತಿತ್ತು. ನಾನು ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ.

ಇನ್ನೊಂದು ಸಮಸ್ಯೆ ಕಣ್ಣಿನದು. ಅವನು ಗಾರ್ಡ್‌ನ ತಲೆಯನ್ನು ನೋಡಿ ಹೊರಡುತ್ತಿದ್ದ. ನೋಡಬೇಕಾದದ್ದು ಚೆಂಡನ್ನು. ಕೋಲಿನ ತುದಿಗೆ ಟೆನಿಸ್ ಚೆಂಡು ಕಟ್ಟಿ, ನೆಲದ ಮೇಲಿಟ್ಟು, ಬಾಯಲ್ಲಿ ಸುಳ್ಳು ಸುಳ್ಳು ಎಣಿಕೆ ಕೂಗುತ್ತಾ, ಚೆಂಡನ್ನು ಸದ್ದಿಲ್ಲದೆ ಕದಲಿಸುತ್ತಿದ್ದೆ. ನನ್ನ ಕೂಗಿಗೆ ಹೊರಟರೆ ಆಫ್‌ಸೈಡ್, ಪಂದ್ಯದಲ್ಲಾದರೆ ಐದು ಗಜ ದಂಡ. ದಿನಕ್ಕೆ ಇಪ್ಪತ್ತು ಬಾರಿ ಮಾತ್ರ, ಪ್ರತಿ ಸಲ ಪೂರ್ತಿ ವಿಶ್ರಾಂತಿ ಕೊಟ್ಟು. ದಣಿದ ಮೈ ಹಳೆಯ ತಪ್ಪನ್ನೇ ಕಲಿಯುತ್ತದೆ. ಮೂರನೇ ವಾರದ ಕೊನೆಗೆ ಪಟ್ಟಿಯ ಸದ್ದು ನಿಂತಿತು.

ತಪ್ಪು ನನ್ನಿಂದಲೂ ಆಯಿತು. ಅವನು ಕೇಳಿದ ತೂಕವನ್ನು ನಾನು ಅವಸರದಲ್ಲಿ ಕೊಟ್ಟೆ. ದಿನಕ್ಕೆ ಐದೂವರೆ ಸಾವಿರ ಕ್ಯಾಲೊರಿ: ಮೊಟ್ಟೆ, ಓಟ್ಸ್, ಅನ್ನ, ಕೋಳಿ, ಕಡಲೆಕಾಯಿ ಬೆಣ್ಣೆ, ರಾತ್ರಿ ಮಲಗುವ ಮುನ್ನ ಹಾಲು. ಆರನೇ ವಾರಕ್ಕೆ 301 ಪೌಂಡ್ ಮುಟ್ಟಿದ. ಅವನ ಮುಖದಲ್ಲಿ ಹಬ್ಬ. ಅದೇ ದಿನ ಮೊದಲ ಹತ್ತು ಗಜದ ಓಟ ಅಳೆದೆ. ಎರಡು ವಾರದ ಹಿಂದೆ 1.77 ಸೆಕೆಂಡು ಇದ್ದದ್ದು 1.83ಕ್ಕೆ ಹೋಗಿತ್ತು. ಮಂಡಿಯ ಕೆಳಗೆ ನೋವು ಬೇರೆ. ಕಾಗದದ ಮೇಲಿನ ಅಂಕಿಗಾಗಿ ಅವನ ಇದ್ದೊಂದು ಆಸ್ತಿಯನ್ನು ಕೆಡಿಸುತ್ತಿದ್ದೇನೆ ಎಂದು ಹೊಳೆಯಿತು. ಅವನನ್ನು ಕೂರಿಸಿಕೊಂಡು, ಅವನ ಜಾಗದಲ್ಲೇ ಎನ್‌ಎಫ್‌ಎಲ್‌ನಲ್ಲಿ ಆಡಿದ ಆರನ್ ಡೊನಾಲ್ಡ್ ಅವರ ವಿಷಯ ಹೇಳಿದೆ. 2014ರ ಕಂಬೈನ್‌ನಲ್ಲಿ ಅವರ ತೂಕ 285 ಪೌಂಡ್. ನಲವತ್ತು ಗಜವನ್ನು 4.68 ಸೆಕೆಂಡಿನಲ್ಲಿ ಓಡಿದರು, ಆ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವಲ್ಲಿ, 13ನೇ ಆಯ್ಕೆಯಾದರು, ಮುಂದೆ ಮೂರು ಸಲ ವರ್ಷದ ಶ್ರೇಷ್ಠ ಡಿಫೆನ್ಸಿವ್ ಆಟಗಾರರಾದರು. ನೀನು ಡೊನಾಲ್ಡ್ ಆಗುತ್ತೀಯ ಎಂದು ನಾನು ಹೇಳಲಿಲ್ಲ. ಅಂಥ ಮಾತಿನಿಂದ ಹುಡುಗರು ಹಾಳಾಗುತ್ತಾರೆ. ತೂಕವೊಂದರಿಂದಲೇ ಬಾಗಿಲು ಮುಚ್ಚುವುದಿಲ್ಲ ಎಂದಷ್ಟೇ ಹೇಳಿದೆ. 294ಕ್ಕೆ ಇಳಿಸಿ ನಿಲ್ಲಿಸಿದೆವು.

ಕೈಗಳ ವಿಷಯದಲ್ಲಿ ನನಗೆ ನೆರವಾದದ್ದು ಮೈಸೂರು. ಹದಿನೇಳು ವರ್ಷದವರೆಗೆ ನಾನು ಗರಡಿಯ ಮಣ್ಣಿನಲ್ಲಿ ಬೆಳೆದವನು. ಎದುರಾಳಿಯ ಭುಜ ನೋಡಬೇಡ, ಅವನ ಮಣಿಕಟ್ಟು ನಿನ್ನದಾಗಲಿ ಎಂದು ನಮ್ಮ ಉಸ್ತಾದರು ಹೇಳುತ್ತಿದ್ದರು. ಅಮೆರಿಕಕ್ಕೆ ವ್ಯಾಯಾಮ ವಿಜ್ಞಾನ ಓದಲು ಬಂದಾಗ ಆ ಪಾಠ ಹಿಂದುಳಿಯಿತು ಎಂದುಕೊಂಡಿದ್ದೆ. ಡಿಫೆನ್ಸಿವ್ ಲೈನ್‌ನ ಆಟ ನೋಡಿದ ಮೇಲೆ ಅದು ಮರಳಿ ಬಂತು. ಕ್ಲಬ್, ರಿಪ್, ಸ್ವಿಮ್ ಎಂದು ಇವರು ಹೆಸರಿಡುವುದೆಲ್ಲ ನನ್ನ ಕಣ್ಣಿಗೆ ಪಟ್ಟುಗಳೇ. ಈ ನಂಟು ನನ್ನ ಕಲ್ಪನೆಯದಲ್ಲ. ಕರ್ಲಿ ಕಲ್ಪ್ ಅವರು 1967ರಲ್ಲಿ ಕಾಲೇಜು ಕುಸ್ತಿಯ ಹೆವಿವೇಟ್ ರಾಷ್ಟ್ರೀಯ ಚಾಂಪಿಯನ್. ಆಮೇಲೆ ಕ್ಯಾನ್ಸಸ್ ಸಿಟಿ ತಂಡದ ಡಿಫೆನ್ಸಿವ್ ಲೈನ್‌ನಲ್ಲಿ ಆಡಿ ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು, 2013ರಲ್ಲಿ ಈ ಆಟದ ಶ್ರೇಷ್ಠರ ಸಾಲಾದ ಹಾಲ್ ಆಫ್ ಫೇಮ್ ಸೇರಿದರು.

ಹುಡುಗನಿಗೆ ನಾನು ಕಲಿಸಿದ್ದು ಒಂದೇ ಪಟ್ಟು. ಗಾರ್ಡ್ ಕೈ ಚಾಚುತ್ತಾನೆ. ಅವನ ಮೊಣಕೈ ನೇರವಾಗುವ ಕ್ಷಣ ಅವನ ಬಲ ಮುಗಿದಿರುತ್ತದೆ. ಆ ಕ್ಷಣಕ್ಕೆ ಮಣಿಕಟ್ಟಿಗೆ ಹೊರಗಿನಿಂದ ಹೊಡೆತ, ಒಳತೋಳು ಅವನ ಕಂಕುಳಡಿಗೆ, ಸೊಂಟ ಅವನ ಸೊಂಟವನ್ನು ದಾಟಬೇಕು. ಹತ್ತು ಪಟ್ಟು ಅರೆಬರೆ ಬಲ್ಲವನಿಗಿಂತ ಒಂದನ್ನು ನಿದ್ದೆಯಲ್ಲೂ ಹಾಕಬಲ್ಲವನು ಮೇಲು ಎಂಬ ನಂಬಿಕೆ ನನ್ನದು. ಸಂಜೆ ಹೊತ್ತು ಹಳೆಯ ಪಂದ್ಯಗಳ ವಿಡಿಯೊ ನೋಡಿಸುತ್ತಿದ್ದೆ, ಅದೂ ಗಾರ್ಡ್‌ಗಳ ಬೆರಳುಗಳನ್ನು. ಗೆಣ್ಣು ಬಿಳಿಚಿದ್ದರೆ ಭಾರ ಮುಂದಿದೆ, ಓಟದ ಆಟ ಬರಬಹುದು. ಕೈ ನೆಲಕ್ಕೆ ಸುಮ್ಮನೆ ತಾಗಿದ್ದರೆ ಅವನು ಹಿಂದೆ ಸರಿದು ಕ್ವಾರ್ಟರ್‌ಬ್ಯಾಕನ್ನು ಕಾಯಲಿದ್ದಾನೆ.

ಪ್ರೊ ಡೇ ಒಂದೇ ಬೆಳಗಿನಲ್ಲಿ ಮುಗಿಯಿತು. ತೋಳು, ಅಂಗೈ ಅಳೆದರು. 225 ಪೌಂಡ್ ಭಾರವನ್ನು ಅವನು 26 ಸಲ ಎತ್ತಿದ. ಜನವರಿಯಲ್ಲಿ 19 ಇತ್ತು. ನಲವತ್ತು ಗಜ 5.02, ಹೇಳಿಕೊಳ್ಳುವಂಥದ್ದಲ್ಲ. ಮೊದಲ ಹತ್ತು ಗಜ ನನ್ನ ಗಡಿಯಾರದಲ್ಲಿ 1.73. ಲೈನ್‌ಮನ್ ಪಂದ್ಯದಲ್ಲಿ ನಲವತ್ತು ಗಜ ಓಡುವುದೇ ಅಪರೂಪ. ಹತ್ತರೊಳಗೇ ಅವನ ಬದುಕು. ಬ್ಯಾಗ್ ಡ್ರಿಲ್‌ಗಳು ಮುಗಿದ ಮೇಲೆ ಒಂದು ತಂಡದ ಲೈನ್ ಕೋಚ್ ಅವನನ್ನು ಪಕ್ಕಕ್ಕೆ ಕರೆದು, ಬರೀ ಹೊರಡುವುದನ್ನು ನಾಲ್ಕು ಸಲ ಮಾಡಿಸಿ ನೋಡಿದರು. ಒಂದು ಮಾತೂ ಆಡದೆ ಬರೆದುಕೊಂಡರು.

ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಡ್ರಾಫ್ಟ್. ಮೂರು ದಿನ, ಏಳು ಸುತ್ತು, 257 ಹೆಸರುಗಳು. ಅವನ ಹೆಸರು ಬರಲಿಲ್ಲ. ಬರುತ್ತದೆ ಎಂದು ನಾನು ನಿರೀಕ್ಷಿಸಿರಲಿಲ್ಲ, ಆದರೂ ಶನಿವಾರ ಸಂಜೆ ಅವರ ಮನೆಯ ಸೋಫಾದ ಮೇಲೆ ಕುಳಿತು ಆ ತಾಯಿಯ ಮುಖ ನೋಡುವುದು ಕಷ್ಟವಾಯಿತು. 1990ರಲ್ಲಿ ಇದೇ ಟೆಕ್ಸಾಸ್‌ನ ಸಣ್ಣ ಕಾಲೇಜಿನಿಂದ ಬಂದ ಜಾನ್ ರ್‍ಯಾಂಡಲ್ ಅವರನ್ನೂ ಯಾರೂ ಆರಿಸಿರಲಿಲ್ಲ, ಅವರು 137.5 ಸ್ಯಾಕ್ (ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು) ಗಳಿಸಿ ಹಾಲ್ ಆಫ್ ಫೇಮ್ ಸೇರಿದರು ಎಂದು ಆ ತಾಯಿಗೆ ಹೇಳಿದೆ. ಅವರು ತಲೆಯಾಡಿಸಿ, ಊಟಕ್ಕೆ ಬಡಿಸಲು ಎದ್ದರು. ರಾತ್ರಿ ಹತ್ತರ ಹೊತ್ತಿಗೆ ಏಜೆಂಟರ ಫೋನ್ ಬಂತು. ಒಪ್ಪಂದವಲ್ಲ, ಮೇ ತಿಂಗಳ ಹೊಸಬರ ಶಿಬಿರಕ್ಕೆ ಪರೀಕ್ಷಾರ್ಥಿಯಾಗಿ ಬರಲು ಆಹ್ವಾನ. ಕರೆದದ್ದು ಆ ನಾಲ್ಕು ಸಲ ಮಾಡಿಸಿದ ಕೋಚ್ ಇದ್ದ ತಂಡ.

ಮೂರು ದಿನದ ಶಿಬಿರದ ಕೊನೆಗೆ ಸಹಿ ಆಯಿತು. ತಂಡದ ತೊಂಬತ್ತು ಜನರಲ್ಲಿ ಒಬ್ಬನಾದ. ಆಗಸ್ಟ್ 27ರಂದು ಆ ತೊಂಬತ್ತನ್ನು ಮುಖ್ಯ ತಂಡದ 53ಕ್ಕೆ ಇಳಿಸಿದಾಗ ಅವನನ್ನು ಕೈಬಿಟ್ಟರು, ಮರುದಿನ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಸೇರಿಸಿಕೊಂಡರು. ಅಲ್ಲಿರುವ ಹದಿನಾರು ಜನ ವಾರವಿಡೀ ಮುಂದಿನ ಎದುರಾಳಿಯಂತೆ ಆಡಿ ತಮ್ಮ ತಂಡವನ್ನೇ ಸಿದ್ಧಗೊಳಿಸಬೇಕು. ಆ ವರ್ಷ ಹೊಸಬರಿಗೆ ವಾರಕ್ಕೆ 12,500 ಡಾಲರ್. 53ರಲ್ಲಿ ಇದ್ದಿದ್ದರೆ ವರ್ಷಕ್ಕೆ ಕನಿಷ್ಠ 7,95,000. ಯಾವ ಮಂಗಳವಾರ ಬೇಕಾದರೂ ಕಳುಹಿಸಿಬಿಡಬಹುದು. ಬಾಡಿಗೆ ಮನೆಗೆ ಮಂಚ ಕೊಳ್ಳಲೂ ಅವನು ಹಿಂಜರಿದ, ನೆಲದ ಮೇಲೆ ಹಾಸಿಗೆ ಹಾಕಿ ಮಲಗಿದ. ಮೊದಲ ತಿಂಗಳ ಹಣದಲ್ಲಿ ತಾಯಿಯ ಕಾರಿನ ಸಾಲ ತೀರಿಸಿದ.

ಡಿಸೆಂಬರ್‌ನಲ್ಲಿ ಇಬ್ಬರು ಟ್ಯಾಕಲ್‌ಗಳಿಗೆ ಗಾಯವಾಗಿ ಒಂದು ಪಂದ್ಯಕ್ಕೆ ಅವನನ್ನು ಮೇಲೆತ್ತಿಕೊಂಡರು. ಒಂಬತ್ತು ಸ್ನ್ಯಾಪ್ ಆಡಿದ, ಅಂದರೆ ಸೆಂಟರ್ ಚೆಂಡು ಕೊಟ್ಟ ಒಂಬತ್ತು ಸಲ ಮೈದಾನದಲ್ಲಿದ್ದ. ಒಂಬತ್ತನ್ನೂ ನಾನು ಮೊಬೈಲ್‌ನಲ್ಲಿ ನಿಧಾನಗೊಳಿಸಿ ನೋಡಿದೆ. ಕಾಲು ಒಮ್ಮೆಯೂ ಹಿಂದಕ್ಕೆ ಜಾರಲಿಲ್ಲ. ಐದನೆಯದರಲ್ಲಿ ಗಾರ್ಡ್‌ನ ಮಣಿಕಟ್ಟು ಹೊಡೆದು ಒಳನುಗ್ಗಿದಾಗ ಕ್ವಾರ್ಟರ್‌ಬ್ಯಾಕ್ ಅವಸರದಲ್ಲಿ ಚೆಂಡನ್ನು ಹೊರಗೆಸೆದ. ಆದರೆ ಓಟದ ಆಟದಲ್ಲಿ ಸೆಂಟರ್ ಮತ್ತು ಗಾರ್ಡ್ ಇಬ್ಬರೂ ಸೇರಿ ತಳ್ಳಿದ ಎರಡು ಸಲವೂ ಅವನು ಎರಡು ಗಜ ಹಿಂದೆ ಹೋದ, ಒಂದು ಸಲ ಬಿದ್ದ. ಪಂದ್ಯ ಮುಗಿದ ರಾತ್ರಿ ಫೋನ್ ಮಾಡಿದಾಗ ಅವನೂ ಮೊದಲು ಹೇಳಿದ್ದು ಅದನ್ನೇ. ಇಬ್ಬರು ತಳ್ಳುವಾಗ ಮಂಡಿಯೂರಿ, ಒಂದು ಭುಜವನ್ನು ಸಂದಿಗೆ ತೂರಿಸಿ, ನೆಲ ಹಿಡಿಯುವುದನ್ನು ಅವನು ಇನ್ನೂ ಕಲಿತಿಲ್ಲ. ಫೆಬ್ರವರಿ ಮೊದಲ ಸೋಮವಾರ ಬೆಳಿಗ್ಗೆ ಆರಕ್ಕೆ ಬಾ ಎಂದೆ. ಗರಡಿಯಲ್ಲಿ ಒಬ್ಬನನ್ನು ಇಬ್ಬರು ಒಟ್ಟಿಗೆ ತಳ್ಳಿ ಕಾಲು ಗಟ್ಟಿ ಮಾಡಿಸುತ್ತಿದ್ದ ಒಂದು ವ್ಯಾಯಾಮ ನನಗೆ ನೆನಪಿದೆ. ಅದನ್ನು ಅವನ ತೂಕಕ್ಕೆ ಹೇಗೆ ಹೊಂದಿಸುವುದೆಂದು ಈಗ ಬರೆದುಕೊಳ್ಳುತ್ತಿದ್ದೇನೆ.